ಸೊನ್ನಲಿಗೆಯ ದಾರಿಯಲ್ಲಿ ಒಂದು ದಂಡದ ಚೀಟಿ

ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು ನೂರು ಕಿಲೋಮೀಟರು ದಾರಿ. ಧೂಳಖೇಡದ ಬಳಿ ಭೀಮಾ ನದಿಯ ಸೇತುವೆಯನ್ನು ದಾಟಿದೊಡನೆ ಕರ್ನಾಟಕ ಮುಗಿದು ಮಹಾರಾಷ್ಟ್ರ ಮೊದಲಾಗುತ್ತದೆ. ಮೊದಲಾಗುತ್ತದೆಯೆಂದು ಹಲಗೆ ಹೇಳುತ್ತದೆಯೇ ಹೊರತು ನೆಲ ಹೇಳುವುದಿಲ್ಲ. ನದಿಯ ಈಚೆಗಿರುವ ಎರೆನೆಲವೇ ಆಚೆಗೂ ಹಾಸಿಕೊಂಡಿದೆ. ಈಚಿನ ಬಿಳಿಜೋಳವೇ ಆಚಿನ ಹೊಲಗಳಲ್ಲಿಯೂ ತೆನೆ ತೂಗುತ್ತದೆ. ಬಾವಿಯ ಕಟ್ಟೆಯ ಮೇಲೆ ಕುಳಿತ ಮುದುಕರು ಆಡುವ ಮಾತು ಕೂಡ ಬಹುದೂರದವರೆಗೆ ನಮ್ಮದೇ. ಬದಲಾಗುವುವು ಎರಡೇ: ಅಂಗಡಿಗಳ ಹಲಗೆಯ ಮೇಲಿನ ಲಿಪಿ ಮತ್ತು ವಾಹನಗಳ ಸಂಖ್ಯಾಫಲಕ. ಈಚೆಗೆ ಕೆಎ 28, ಆಚೆಗೆ ಎಂಎಚ್ 13.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ವಿಜಯಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು; 1960ರ ಮೇ 1ರಂದು ಮಹಾರಾಷ್ಟ್ರಕ್ಕೆ ಸಂದಿತು. ಆದರೆ ಬೀಗತನಗಳು ಯಾವ ಮರುವಿಂಗಡಣೆಗೂ ಒಳಪಡಲಿಲ್ಲ. ಇಂಡಿಯ ಮಗಳು ಅಕ್ಕಲಕೋಟೆಯ ಸೊಸೆ, ಅಕ್ಕಲಕೋಟೆಯ ಮಗಳು ಅಫಜಲಪುರದ ಸೊಸೆ. ಹೆಣ್ಣುಮಕ್ಕಳ ಹಿಂದೆ ತವರಿನವರು, ತವರಿನವರ ಹಿಂದೆ ಬುತ್ತಿಯ ಗಂಟು, ಈಗ ಅದರ ಹಿಂದೆ ಮೋಟಾರ್ ಸೈಕಲ್ಲು, ಸ್ಕೂಟರು, ಕಾರು. ಹೀಗಾಗಿ ಗಡಿನಾಡಿನ ಸಂಸಾರಗಳಿಗೆ ಎರಡು ರಾಜ್ಯಗಳ ರಸ್ತೆಗಳೊಡನೆಯೂ ಎರಡು ಪೊಲೀಸ್ ಇಲಾಖೆಗಳೊಡನೆಯೂ ವ್ಯವಹಾರ ತಪ್ಪಿದ್ದಲ್ಲ.

ಈ ಸಲ ನಾವು ದಂಪತಿಗಳು ಸೊಲ್ಲಾಪುರ, ಅಕ್ಕಲಕೋಟೆಗಳಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆವು. ದೇವಸ್ಥಾನಗಳನ್ನು ನೋಡಿದೆವು, ನೆಂಟರನ್ನು ಕಂಡೆವು. ಇಳಿದುಕೊಂಡ ಮೂರು ಮನೆಗಳಲ್ಲಿಯೂ ಕಾಕತಾಳೀಯವೆಂಬಂತೆ ಒಂದೇ ವಿಷಯ ಮಾತಿಗೆ ಬಂದಿತು: ಸಂಚಾರ ನಿಯಮ ಮುರಿದರೆಂದು ಬಂದ ದಂಡದ ಚೀಟಿಯನ್ನು ಕಟ್ಟಿಬಿಡುವುದೋ, ಒಪ್ಪಿಗೆಯಿಲ್ಲವೆಂದು ಎದುರಾಡುವುದೋ? ಇದು ಸಣ್ಣ ವಿಷಯವೆಂದು ಮೊದಲು ನಮಗೂ ತೋರಿತ್ತು. ಮೂರನೆಯ ಮನೆಯನ್ನು ಬಿಡುವ ಹೊತ್ತಿಗೆ ಹಾಗೆ ತೋರಲಿಲ್ಲ.

ಸೊಲ್ಲಾಪುರವನ್ನು ಕನ್ನಡಿಗರು ಸೊನ್ನಲಿಗೆಯೆಂದೇ ಬಲ್ಲರು. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನ ಊರಿದು. ಕೆರೆ ಕಟ್ಟಿಸುವುದನ್ನೂ ಪೂಜೆಯೆಂದೇ ಬಗೆದ ಆ ಮಹಾನುಭಾವನ ಗುಡಿ ಇಂದಿಗೂ ಕೆರೆಯ ನಡುವೆಯೇ ನಿಂತಿದೆ. ಒಂದು ಕಡೆ ಹಳೆಯ ಭುಯಿಕೋಟೆಯ ಗೋಡೆ, ಇನ್ನೊಂದು ಕಡೆ ನೀರು, ನಡುವೆ ಗುಡಿಗೆ ಹೋಗುವ ಹಾದಿ. ಬೆಳಗಿನ ಹೊತ್ತು ಅಲ್ಲಿ ಅರ್ಧ ಗಂಟೆ ಕುಳಿತರೆ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಹೂವಾಡಗಿತ್ತಿ ನಾಲ್ಕರಲ್ಲಿಯೂ ಚೌಕಾಸಿ ಮಾಡಬಲ್ಲಳು. ಸಿದ್ಧರಾಮನ ಚರಿತ್ರೆಯನ್ನು ನಮ್ಮ ಕಾಲದಲ್ಲಿ ಮತ್ತೆ ಕನ್ನಡದ ಕಾವ್ಯವಾಗಿಸಿದ ಜಯದೇವಿತಾಯಿ ಲಿಗಾಡೆಯವರು ಈ ಊರಿನವರೇ. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಆ ಪೀಠವನ್ನೇರಿದ ಮೊದಲ ಮಹಿಳೆಯೆನಿಸಿದರು.

ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ಗಡ್ಡಾ ಜಾತ್ರೆ. ಏಳು ನಂದಿಧ್ವಜಗಳು ಹೊರಡುತ್ತವೆ. ಸಿದ್ಧರಾಮನ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ಮದುವೆಯಾಯಿತೆಂಬ ಕಥೆಯ ನೆನಪಿಗಾಗಿ ಗುಡಿಯ ಬಳಿಯ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆಯ ಸಮಾರಂಭ ನಡೆಯುತ್ತದೆ. ಲಕ್ಷೋಪಲಕ್ಷ ಜನ ಅಂದು ಅಕ್ಷತೆ ಎರಚುತ್ತಾರೆ. ನಾವು ಹೋದಾಗ ಜಾತ್ರೆಯ ದಿನಗಳಲ್ಲ, ಕಟ್ಟೆ ಬರಿದಾಗಿತ್ತು. ಆದರೆ ಸಮ್ಮತಿ ಎಂಬ ಆ ಹೆಸರು ನಮ್ಮ ಮನಸ್ಸಿನಲ್ಲಿ ಉಳಿಯಿತು. ಮದುವೆಗೂ ಸಮ್ಮತಿ ಬೇಕು, ರಾಜಿಗೂ ಸಮ್ಮತಿ ಬೇಕು. ದಂಡ ಕಟ್ಟುವುದೂ ಒಂದು ಬಗೆಯ ಸಮ್ಮತಿಯೇ ಎಂಬುದು ಮುಂದೆ ಅಕ್ಕಲಕೋಟೆಯಲ್ಲಿ ನಮಗೆ ತಿಳಿಯಿತು.

ಗುಡಿಯಿಂದ ಊರೊಳಗೆ ಬಂದರೆ ನಾಲ್ವರು ಹುತಾತ್ಮರ ಪ್ರತಿಮೆಗಳಿರುವ ಚೌಕ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಸೊಲ್ಲಾಪುರ ಕೆರಳಿ ನಿಂತಿತು, ಗೋಲೀಬಾರಾಯಿತು, ಬ್ರಿಟಿಷ್ ಸರ್ಕಾರ ಊರಿನ ಮೇಲೆ ಲಷ್ಕರಿ ಕಾನೂನನ್ನು ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಹೆಸರುಗಳನ್ನು ಓದಿದರೆ ಸಾಕು, ಈ ಊರಿನ ಕೂಡುಬಾಳು ಎಂಥದೆಂಬುದು ತಿಳಿಯುತ್ತದೆ. ಇಂದು ಆ ಚೌಕದ ಸುತ್ತ ರಿಕ್ಷಾಗಳೂ ಬಸ್ಸುಗಳೂ ಸ್ಕೂಟರುಗಳೂ ಎಡೆಬಿಡದೆ ಸುತ್ತುತ್ತವೆ. ಅವರ ಬಲಿದಾನಕ್ಕೂ ನಮ್ಮ ಐನೂರು ರೂಪಾಯಿಯ ಚೀಟಿಗೂ ಹೋಲಿಕೆಯಿಲ್ಲ. ಹೋಲಿಸುವುದು ಸಲ್ಲದು ಕೂಡ. ಆದರೂ ಅಪ್ಪಣೆಯೇ ಕಾನೂನಾಗಿದ್ದ ದಿನಗಳನ್ನು ಕಂಡ ಊರಿನಲ್ಲಿ, ಇಂದು ಒಬ್ಬ ನೇಕಾರನೋ ಶಿಕ್ಷಕಿಯೋ ಸರ್ಕಾರದ ಚೀಟಿಯೊಂದನ್ನು ಹಿಡಿದು ಇದಕ್ಕೆ ಆಧಾರವೇನೆಂದು ಕೇಳಬಹುದಾಗಿದೆ. ಇದು ತಾನಾಗಿಯೇ ಬಂದ ಹಕ್ಕಲ್ಲ.

ನಾವು ಮೊದಲು ಇಳಿದದ್ದು ಮಗ್ಗದವರ ಮನೆಯಲ್ಲಿ. ಸೊಲ್ಲಾಪುರದ ಚಾದರದ ಹೆಸರನ್ನು ಕೇಳದ ಸಂಸಾರ ನಮ್ಮ ಕಡೆಯಲ್ಲಿ ಇಲ್ಲ. ಆ ಮನೆಯಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆಯೇ ಮಾತು, ಊಟ, ನಿದ್ದೆ. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಬಡಿಸುತ್ತಲೇ ಮನೆಯ ಯಜಮಾನಿತಿ ಗೂಟದಲ್ಲಿ ಸಿಕ್ಕಿಸಿದ್ದ ಕಾಗದಗಳನ್ನು ತಂದು ಮುಂದಿಟ್ಟರು. ಎರಡು ವರ್ಷಗಳ ಹಿಂದೆ ಯಜಮಾನರು ಹಳೆಯ ಮೋಟಾರ್ ಸೈಕಲ್ಲನ್ನು ಭೀಮೆಯ ಆಚೆಯ ಪರಿಚಿತನೊಬ್ಬನಿಗೆ ಮಾರಿದ್ದರು. ಛಾಪಾ ಕಾಗದದ ಮೇಲೆ ಸಹಿಯಾಗಿತ್ತು, ಹಣ ಸಂದಿತ್ತು. ಆದರೆ ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗಿರಲಿಲ್ಲ. ಕೊಂಡವನು ಎಲ್ಲೆಲ್ಲಿ ನಿಯಮ ಮುರಿದನೋ ಅಲ್ಲಲ್ಲಿಯ ಚೀಟಿಗಳೆಲ್ಲ ಇವರ ಮನೆಗೆ ಬರುತ್ತಿದ್ದವು.

‘ಗಾಡಿ ನಮ್ಮದಲ್ಲ, ನಾವೇಕೆ ಕಟ್ಟಬೇಕು? ಎದುರಾಡೋಣ’ ಎಂದು ಯಜಮಾನರ ವಾದ. ಸತ್ಯ ಅವರ ಪಕ್ಷದಲ್ಲಿತ್ತು, ಕಾನೂನು ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ ವಾಹನ ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಹೊರರಾಜ್ಯದ ಪ್ರಕರಣವಾದರೆ 45 ದಿನಗಳಲ್ಲಿ ನೋಂದಣಾಧಿಕಾರಿಗೆ ವರದಿ ಮಾಡತಕ್ಕದ್ದು. ಅಪಘಾತ ಪರಿಹಾರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿತು: ಗಾಡಿ ಎಷ್ಟು ಕೈ ಬದಲಾಯಿಸಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಿಕನೆಂದು ಕಾನೂನು ತಿಳಿಯುತ್ತದೆ. ದಂಡದ ಚೀಟಿಯಾದರೆ ಕೆಲವು ನೂರು ರೂಪಾಯಿಗಳ ಮಾತು. ಆ ಗಾಡಿ ಯಾರಿಗಾದರೂ ಬಡಿದಿದ್ದರೆ, ವಿಮೆ ಮುಗಿದಿದ್ದರೆ, ಮಗ್ಗವನ್ನೇ ಮಾರಬೇಕಾಗುತ್ತಿತ್ತು. ಇದನ್ನು ಬಿಡಿಸಿ ಹೇಳಿದಾಗ ಆ ಮನೆಯಲ್ಲಿ ಸ್ವಲ್ಪ ಹೊತ್ತು ಮಗ್ಗದ ಸದ್ದೊಂದೇ ಕೇಳುತ್ತಿತ್ತು. ಕಡೆಗೆ ಎದುರಾಡುವ ಮಾತನ್ನು ಬಿಟ್ಟು, ಕೊಂಡವನನ್ನು ಹುಡುಕಿ ಕರೆತಂದು ಮೊದಲು ಹೆಸರು ಬದಲಾಯಿಸುವುದು, ಬಾಕಿಯನ್ನು ಅವನಿಂದಲೇ ಕಟ್ಟಿಸುವುದು ಎಂದು ತೀರ್ಮಾನವಾಯಿತು. ಗಡಿಯ ಎರಡೂ ಕಡೆ ಹಳೆಯ ಗಾಡಿಗಳ ಮಾರಾಟ ನಂಬಿಕೆಯ ಮೇಲೆಯೇ ನಡೆಯುವುದುಂಟು. ನಂಬಿಕೆ ಒಳ್ಳೆಯದು; ಅದರ ಜೊತೆಗೆ ನೋಂದಣಿಯೂ ಆಗಬೇಕು.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು. ಊರು ಬಿಡುತ್ತಲೇ ಕಾರಖಾನೆಗಳ ಪ್ರದೇಶ. ಮುಂದೆ ಕುಂಭಾರಿಯ ಬಯಲಿನಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ, ಕೂಲಿಕಾರರಿಗಾಗಿ ಎದ್ದು ನಿಂತ ಸಾವಿರಾರು ಮನೆಗಳ ಸಾಲು. ಅಲ್ಲಿಯ ರಾಯನಗರದ 15,000 ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿಯವರು ಒಪ್ಪಿಸಿದರು. ಆ ಮೇಲೆ ವಳಸಂಗ. ದಾರಿಯುದ್ದಕ್ಕೂ ಯಾತ್ರಿಕರ ಗಾಡಿಗಳು: ಅಕ್ಕಲಕೋಟೆಯ ಸ್ವಾಮಿಗಳ ದರ್ಶನ ಮುಗಿಸಿ ಗಾಣಗಾಪುರದ ದತ್ತನ ಕಡೆಗೆ ಹೊರಟ ಎಂಎಚ್ ಫಲಕದವು, ಗಾಣಗಾಪುರ ಮುಗಿಸಿ ಇತ್ತ ಬರುವ ಕೆಎ ಫಲಕದವು.

ಈ ದಾರಿಯ ಒಂದು ಹಳ್ಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ಇಳಿದೆವು. ಆ ಮನೆಯ ಹುಡುಗ ಕಾಲೇಜು ಮುಗಿಸಿ ಅಂಗಡಿ ಇಟ್ಟವನು. ಶಿರಸ್ತ್ರಾಣವಿಲ್ಲದೆ ಸವಾರಿ ಮಾಡಿದನೆಂದು ಅವನಿಗೂ ಚೀಟಿ ಬಂದಿತ್ತು. ಚಿತ್ರದಲ್ಲಿ ಗಾಡಿಯೂ ಅವನದೇ, ಅಂಗಿಯೂ ಅವನದೇ. ಬರಿ ತಲೆಯೂ ಅವನದೇ. ಆದರೂ ಅವನು ಎದುರಾಡುವ ಉತ್ಸಾಹದಲ್ಲಿದ್ದ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕ್ಯಾಮೆರಾಗಳ ಮೂಲಕ ಸಂಚಾರ ನಿಯಂತ್ರಿಸುವ ಬಗ್ಗೆ ನಿಯಮ ಹೊರಡಿಸಿದಾಗ, ತಪ್ಪು ನಡೆದ 15 ದಿನಗಳೊಳಗೆ ನೋಟೀಸು ಕಳಿಸಬೇಕೆಂದು ಹೇಳಿತ್ತು. ಆ ನಿಯಮದೊಡನೆ ಪ್ರಕಟವಾದ ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು. ತನಗೆ ನೋಟೀಸು ತಡವಾಗಿ ಬಂದಿದೆ, ಆದ್ದರಿಂದ ದಂಡ ಸಲ್ಲದು ಎಂಬುದು ಅವನ ತರ್ಕ. ಇಂಥ ವಾದಕ್ಕೆ ನ್ಯಾಯಾಲಯದಲ್ಲಿ ಎಡೆಯಿರಬಹುದು. ಕಾನೂನಿನ ಕ್ರಮವನ್ನು ಸರ್ಕಾರವೂ ಪಾಲಿಸಬೇಕೆಂದು ಕೇಳುವುದು ತಪ್ಪಲ್ಲ.

ಒಲೆಯ ಮುಂದೆ ಕುಳಿತಿದ್ದ ಅಜ್ಜಿ ಒಂದೇ ಮಾತು ಕೇಳಿದರು: ‘ತಲೆ ಮ್ಯಾಲ ಇತ್ತೇನೋ, ಇರಲಿಲ್ಲೋ?’ ಹುಡುಗ ಸುಮ್ಮನಾದ. ‘ಉಪ್ಪು ತಿಂದವ ನೀರು ಕುಡೀಬೇಕು’ ಎಂದು ಅಜ್ಜಿ ರೊಟ್ಟಿ ತಟ್ಟತೊಡಗಿದರು. ಕಾಯ್ದೆಯ 129ನೆಯ ಕಲಮಿನಂತೆ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ, ಹಿಂದೆ ಕುಳಿತವರೂ ಸೇರಿ, ಶಿರಸ್ತ್ರಾಣ ಧರಿಸಬೇಕು. ಸಿಖ್ಖರ ಪೇಟಕ್ಕೆ ಮಾತ್ರ ವಿನಾಯಿತಿ. 2019ರ ತಿದ್ದುಪಡಿ ಇದಕ್ಕೆ ವಿಧಿಸಿದ ದಂಡ ಸಾವಿರ ರೂಪಾಯಿ, ಮೇಲೆ ಮೂರು ತಿಂಗಳು ಪರವಾನಗಿಯ ಅನರ್ಹತೆ. ಮಹಾರಾಷ್ಟ್ರ 2021ರ ಡಿಸೆಂಬರಿನಲ್ಲಿ ನ್ಯಾಯಾಲಯಕ್ಕೆ ಹೋಗದೆ ರಾಜಿಯಲ್ಲಿ ಕಟ್ಟುವ ದರವನ್ನು ಗೊತ್ತುಪಡಿಸಿದಾಗ ಇದಕ್ಕೆ 500 ರೂಪಾಯಿ ಎಂದಿತು. ಹುಡುಗ ನಮ್ಮೆದುರಿನಲ್ಲಿಯೇ ಹಣ ಕಟ್ಟಿದ. ಸಂಜೆ ಸೊಲ್ಲಾಪುರಕ್ಕೆ ಹೋಗಿ ಶಿರಸ್ತ್ರಾಣವನ್ನೂ ತಂದನೆಂದು ಆಮೇಲೆ ತಿಳಿಯಿತು.

ಅಕ್ಕಲಕೋಟೆ ಭೋಸಲೆ ಮನೆತನದವರ ಪುಟ್ಟ ಸಂಸ್ಥಾನವಾಗಿದ್ದು 1948ರಲ್ಲಿ ವಿಲೀನವಾಯಿತು. ಅರಮನೆಯ ಶಸ್ತ್ರಾಗಾರವನ್ನು ನೋಡಬಯಸುವವರು ಈಗಲೂ ಬರುತ್ತಾರೆ. ಆದರೆ ಊರಿಗೆ ಊರೇ ಜೀವಿಸುವುದು ಸ್ವಾಮಿ ಸಮರ್ಥರ ಹೆಸರಿನಲ್ಲಿ. 1878ರಲ್ಲಿ ಸಮಾಧಿಸ್ಥರಾಗುವವರೆಗೆ ಎರಡು ದಶಕಗಳಿಗೂ ಮೀರಿ ಅವರು ಇಲ್ಲಿ ಇದ್ದರು. ಅವರು ಕುಳಿತುಕೊಳ್ಳುತ್ತಿದ್ದ ಆಲದ ಮರದ ಸುತ್ತ ಇಂದಿನ ವಟವೃಕ್ಷ ದೇವಸ್ಥಾನ ಬೆಳೆದಿದೆ. ಗುರುವಾರ ಬಂದಿತೆಂದರೆ ಪುಣೆ, ಮುಂಬಯಿ, ಕಲಬುರಗಿ, ವಿಜಯಪುರಗಳ ಗಾಡಿಗಳು ಬೀದಿಗಳಲ್ಲಿ ಕಿಕ್ಕಿರಿಯುತ್ತವೆ. ತಾಲೂಕಿನ ಹಳ್ಳಿಗಳಲ್ಲಿಯಂತೂ ಕನ್ನಡ ಮನೆಮಾತು. ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿವೆ. ಅಂಥ ಒಂದು ಶಾಲೆಯ ಶಿಕ್ಷಕಿ ನಮ್ಮ ತಂಗಿಯ ಮಗಳು. ನಾವು ಅವಳ ಮನೆಯಲ್ಲಿ ಎರಡು ದಿನ ಇದ್ದೆವು.

ಅವಳಿಗೆ ಬಂದ ಚೀಟಿಯ ಕಥೆ ಬೇರೆ. ಕೆಲಸದ ದಿನವೊಂದರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳ ಸ್ಕೂಟರು, ನೂರಾರು ಕಿಲೋಮೀಟರು ದೂರದ ಬೇರೊಂದು ನಗರದ ವೃತ್ತದಲ್ಲಿ, ಶಿರಸ್ತ್ರಾಣವಿಲ್ಲದ ಸವಾರನೊಡನೆ ಹೋಯಿತೆಂದು ಅದರಲ್ಲಿ ಬರೆದಿತ್ತು. ಆ ಹೊತ್ತಿಗೆ ಅವಳು ನಾಲ್ಕನೆಯ ತರಗತಿಯಲ್ಲಿ ಪಾಠ ಹೇಳುತ್ತಿದ್ದಳು. ಸ್ಕೂಟರು ಶಾಲೆಯ ಬೇವಿನ ಮರದ ಕೆಳಗೆ ನಿಂತಿತ್ತು. ದಂಡ 500 ರೂಪಾಯಿ.

ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮಾವನವರು ಹಳೆಯ ಕಾಲದವರು. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಐನೂರು ರೂಪಾಯಿ ಬಿಸಾಕಿ ಮನೆಯಲ್ಲಿ ನೆಮ್ಮದಿಯಿಂದ ಇರು’ ಎಂದರು. ಅವರ ಮಾತಿನಲ್ಲಿ ಲೋಕಾನುಭವವಿತ್ತು. ಒಂದು ದಿನ ರಜೆ, ಬಸ್ಸಿನ ಖರ್ಚು, ವಕೀಲರ ಮಾತು ಇವೆಲ್ಲ ಸೇರಿದರೆ ದಂಡಕ್ಕಿಂತ ಹೆಚ್ಚೇ ಆಗುತ್ತದೆ. ಗಂಡ ನಡುವಿನ ದಾರಿ ತೋರಿಸಿದ: ‘ಲೋಕ ಅದಾಲತ್ತಿನಲ್ಲಿ ಕಡಿಮೆ ಮಾಡುತ್ತಾರಂತೆ, ಅಲ್ಲಿಯವರೆಗೆ ತಡೆ.’ ಅವಳು ಇಬ್ಬರ ಮಾತನ್ನೂ ಕೇಳಿ, ‘ಕಡಿಮೆ ಮಾಡಲಿ ಎಂದು ನಾನು ಕೇಳುತ್ತಿಲ್ಲ. ನಾನು ಅಲ್ಲಿರಲಿಲ್ಲ’ ಎಂದಳು.

ಅವಳ ನಿಲುವಿನಲ್ಲಿ ಬರಿಯ ಹಟವಿದೆಯೋ ನ್ಯಾಯವಿದೆಯೋ ಎಂದು ನೋಡಲು ನಾವೆಲ್ಲರೂ ಚೀಟಿಯನ್ನು ತೆರೆದು ಕುಳಿತೆವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕ್ಯಾಮೆರಾದ ಕಾಲಕ್ಕೇ ಹೇಳಿ ಮಾಡಿಸಿದಂತಿದೆ. ಚೀಟಿ ನಿಜವಾದದ್ದೇ ಎಂಬುದು ಮೊದಲ ಪ್ರಶ್ನೆ. ಏಕೆಂದರೆ ದಂಡದ ಹೆಸರಿನಲ್ಲಿ ಸುಳ್ಳು ಸಂದೇಶ ಕಳಿಸಿ, ಒತ್ತಿದೊಡನೆ ಬ್ಯಾಂಕಿನ ಹಣ ಲಪಟಾಯಿಸುವ ಮೋಸ ಈಗ ಎಲ್ಲೆಡೆಯೂ ಇದೆ. ಸಂದೇಶದಲ್ಲಿ ಬಂದ ಕೊಂಡಿಯನ್ನು ಮುಟ್ಟದೆ, ಸರ್ಕಾರದ ಜಾಲತಾಣದಲ್ಲಿ ಗಾಡಿಯ ಸಂಖ್ಯೆಯನ್ನು ತಾನೇ ಹಾಕಿ ನೋಡಿದಳು. ಚೀಟಿ ನಿಜವಾದದ್ದೇ ಆಗಿತ್ತು. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಇವಳ ಸ್ಕೂಟರಿನ ಬಣ್ಣ ನೀಲಿ. ಚಿತ್ರದಲ್ಲಿದ್ದದ್ದು ಬೂದುಬಣ್ಣದ್ದು, ಹಿಂದಿನ ದೀಪದ ಆಕಾರವೂ ಬೇರೆ. ಫಲಕದ ಕೊನೆಯ ಅಂಕೆಯ ಮೇಲೆ ಕೆಸರು ಮೆತ್ತಿತ್ತು. ಮೂರೋ ಎಂಟೋ ಹೇಳುವುದು ಕಷ್ಟವಾಗಿತ್ತು. ಯಂತ್ರವೋ, ಯಂತ್ರದ ಹಿಂದಿನ ಮನುಷ್ಯನೋ ಅದನ್ನು ಎಂಟೆಂದು ಓದಿದ್ದರು.

ಇಲ್ಲಿ ಎರಡು ಸಾಧ್ಯತೆಗಳಿದ್ದವು. ಅಂಕೆಯನ್ನು ತಪ್ಪಾಗಿ ಓದಿದ್ದರೆ ಅದು ಕಣ್ತಪ್ಪು, ತಿದ್ದಿದರೆ ಮುಗಿಯಿತು. ಯಾರೋ ಇವಳ ಸಂಖ್ಯೆಯನ್ನೇ ತಮ್ಮ ಗಾಡಿಗೆ ಬರೆಸಿಕೊಂಡಿದ್ದರೆ? ಆ ಗಾಡಿ ನಾಳೆ ಯಾರನ್ನಾದರೂ ಬಡಿದು ಓಡಿಹೋದರೆ ಪೊಲೀಸರು ಬರುವುದು ಇವಳ ಬಾಗಿಲಿಗೆ. ಅಂದಿನ ಐನೂರು ರೂಪಾಯಿಯ ಚೀಟಿಯನ್ನು ಸದ್ದಿಲ್ಲದೆ ಕಟ್ಟಿದ್ದರೆ, ಆ ಗಾಡಿ ತನ್ನದೇ ಎಂದು ಇವಳೇ ಬರೆದುಕೊಟ್ಟಂತಾಗುತ್ತದೆ. ಮಾವನವರು ಇದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನೊಂದು ಮಾತೂ ಇದೆ. ಕಾಯ್ದೆಯ 200ನೆಯ ಕಲಮಿನಂತೆ ರಾಜಿ ದಂಡ ಕಟ್ಟಿದರೆ ಆ ಪ್ರಕರಣ ಅಲ್ಲಿಗೆ ಮುಗಿಯುತ್ತದೆ, ಮುಂದೆ ಮೊಕದ್ದಮೆಯಿಲ್ಲ. ಜನರಿಗೆ ಇಷ್ಟು ಗೊತ್ತು. ಆದರೆ 2019ರ ತಿದ್ದುಪಡಿ ಅದೇ ಕಲಮಿಗೆ ಒಂದು ಬಾಲವನ್ನು ಸೇರಿಸಿದೆ: ಹೀಗೆ ಕಟ್ಟಿ ಮುಗಿಸಿದ ತಪ್ಪು, ಮುಂದೆ ಅಂಥದೇ ತಪ್ಪು ನಡೆದಾಗ, ಮೊದಲ ಸಲದ ತಪ್ಪೆಂದೇ ಎಣಿಕೆಗೆ ಬರುತ್ತದೆ. ಎಷ್ಟೋ ತಪ್ಪುಗಳಿಗೆ ಎರಡನೆಯ ಸಲ ದಂಡ ಹೆಚ್ಚು. ಸೊಲ್ಲಾಪುರದ ಸಮ್ಮತಿ ಕಟ್ಟೆ ನಮಗೆ ಆಗ ನೆನಪಾಯಿತು. ದಂಡ ಕಟ್ಟುವುದು ಬರಿಯ ಹಣದ ವ್ಯವಹಾರವಲ್ಲ. ‘ಹೌದು, ಇದನ್ನು ನಾನು ಮಾಡಿದೆ’ ಎಂದು ದಾಖಲೆಗೆ ಕೊಡುವ ಸಮ್ಮತಿ. ಮಾಡಿದವರು ಅದನ್ನು ಕೊಡಲು ಹಿಂಜರಿಯಬಾರದು. ಮಾಡದವರು ನೆಮ್ಮದಿಯ ಆಸೆಗಾಗಿ ಕೊಡಬಾರದು.

ಹಾಗಾದರೆ ಲೋಕ ಅದಾಲತ್ತು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿಂದ ಬಂದ ಈ ಏರ್ಪಾಡು ಬಡವರಿಗೆ ದೊಡ್ಡ ಉಪಕಾರ ಮಾಡಿದೆ. ನ್ಯಾಯಾಲಯದ ಶುಲ್ಕವಿಲ್ಲ, ಅಲೆದಾಟ ಕಡಿಮೆ, ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿಯೂ ಇಲ್ಲ. ಆದರೆ ಅದು ರಾಜಿಯ ಮನೆ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನ. ತಪ್ಪು ಮಾಡಿ, ಬಾಕಿ ಬೆಳೆದು, ಒಮ್ಮೆಗೇ ತೀರಿಸಿಕೊಳ್ಳಬೇಕೆನ್ನುವವರಿಗೆ ಅದು ಸರಿಯಾದ ಬಾಗಿಲು. ತಾನು ಮಾಡಿಯೇ ಇಲ್ಲ ಎನ್ನುವವರಿಗೆ ಅಲ್ಲ. ಅರ್ಧ ದಂಡಕ್ಕೆ ಒಪ್ಪಿದರೂ ಒಪ್ಪಿದಂತೆಯೇ.

ಶಿಕ್ಷಕಿ ಎದುರಾಡಲು ನಿರ್ಧರಿಸಿದಳು. ಕೆಲಸ ನಾವು ನೆನೆದುದಕ್ಕಿಂತ ಹಗುರವಾಗಿತ್ತು. ಮೊದಲ ಹೆಜ್ಜೆ ನ್ಯಾಯಾಲಯವಲ್ಲ. ಚೀಟಿ ಕೊಟ್ಟ ಇಲಾಖೆಗೇ ಬರೆದ ಆಕ್ಷೇಪಣೆ. ನೋಂದಣಿ ಪತ್ರದ ಪ್ರತಿ, ತನ್ನ ಸ್ಕೂಟರನ್ನು ಹಿಂದಿನಿಂದ ತೆಗೆದ ಚಿತ್ರ, ಅಂದಿನ ಹಾಜರಿ ಪುಸ್ತಕದ ಪುಟ, ಮುಖ್ಯಾಧ್ಯಾಪಕರ ಒಂದು ಸಾಲಿನ ಪತ್ರ ಇಷ್ಟನ್ನು ಜೋಡಿಸಿದಳು. ಕಾಗದ ಹದವಾಗಿತ್ತು; ಬೈಗುಳವಿರಲಿಲ್ಲ, ಗೋಗರೆತವಿರಲಿಲ್ಲ. ಅಕಸ್ಮಾತ್ ಸಂಖ್ಯೆಯ ದುರುಪಯೋಗವೇ ಆಗಿದ್ದರೆ ಎಂದು ಸ್ಥಳೀಯ ಠಾಣೆಗೂ ಒಂದು ಅರ್ಜಿ ಬರೆದಿಟ್ಟಳು.

ಯಾವ ಭಾಷೆಯಲ್ಲಿ ಬರೆಯುವುದೆಂಬ ಪ್ರಶ್ನೆ ಎದ್ದಿತು. ಮಹಾರಾಷ್ಟ್ರದ ಆಡಳಿತ ಭಾಷೆ ಮರಾಠಿ. ಅವಳಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಗಡಿಯಲ್ಲಿ ಬಾಳುವವರಿಗೆ ಎರಡು ಭಾಷೆ ಎರಡು ಕೈಯಿದ್ದಂತೆ. ಆದರೆ ನಮ್ಮ ಸಂವಿಧಾನದ 350ನೆಯ ವಿಧಿ ಹೇಳುವುದನ್ನು ನಮ್ಮಲ್ಲಿ ಬಹುಜನ ಅರಿಯರು. ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಕೊಡುವ ಮನವಿಯನ್ನು, ಒಕ್ಕೂಟದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ ಮನವಿಯನ್ನು ಹಿಂದಕ್ಕೆ ತಳ್ಳುವಂತಿಲ್ಲ.

ಅವಳು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಳು. ಅದರ ಕೆಳಗೆ ಮರಾಠಿಯ ಅನುವಾದವನ್ನು ಇಟ್ಟಳು. ಎರಡೇಕೆಂದು ಗಂಡ ಕೇಳಿದ. ‘ಓದುವವರಿಗೆ ತೊಂದರೆಯಾಗಬಾರದೆಂದು ಮರಾಠಿ. ನಾನು ಅಲ್ಲಿರಲಿಲ್ಲ ಎಂಬ ಮಾತು ನನಗೆ ಮೊದಲು ಹೊಳೆದದ್ದು ಕನ್ನಡದಲ್ಲಿ, ಆದ್ದರಿಂದ ಅದು ಮೇಲೆ’ ಎಂದಳು. ಅದರಲ್ಲಿ ಯಾರ ಮೇಲಿನ ಸೆಡವೂ ಇರಲಿಲ್ಲ. ಅವಳ ಶಾಲೆಯ ಮಕ್ಕಳೂ ನಾಳೆ ಎರಡು ಭಾಷೆಗಳ ನಡುವೆ ಬದುಕತಕ್ಕವರು. ಹೇಗೆ ಬದುಕಬೇಕೆಂಬುದನ್ನು ಅವಳು ಪಾಠವಿಲ್ಲದೆಯೇ ತೋರಿಸುತ್ತಿದ್ದಾಳೆಂದು ನಮಗೆ ಅನಿಸಿತು.

ನಾವು ಹೊರಡುವವರೆಗೆ ಉತ್ತರ ಬಂದಿರಲಿಲ್ಲ. ಇಲಾಖೆ ಒಪ್ಪದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಹೇಳುವ ದಾರಿ ಉಳಿದಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರಖಾನೆಯ ಕೆಲಸಗಾರರಿಗೆ 1987ರ ಅದೇ ಕಾಯ್ದೆಯಂತೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಹೆಣ್ಣುಮಕ್ಕಳಿಗಾದರೆ ಆದಾಯದ ಮಿತಿಯನ್ನೂ ಕೇಳುವುದಿಲ್ಲ. ಬೀಡಿ ಕಟ್ಟುವ ತಾಯಿಯ ಹೆಸರಿನಲ್ಲಿ ಗಾಡಿಯಿದ್ದು ಚೀಟಿ ಬಂದರೆ, ವಕೀಲರ ಖರ್ಚಿಗೆ ಹೆದರಿ ಮಾಡದ ತಪ್ಪನ್ನು ಒಪ್ಪಬೇಕಾದ ಕಾರಣವಿಲ್ಲ. ಇದನ್ನು ನಮ್ಮ ಓದುಗರು ತಮ್ಮ ಓಣಿಯಲ್ಲಿ ನಾಲ್ಕು ಜನರಿಗೆ ಹೇಳಿದರೆ ಉಪಕಾರವಾದೀತು.

ಗಡಿನಾಡಿನವರು ತಿಳಿದಿರಬೇಕಾದ ಇನ್ನೆರಡು ಮಾತುಗಳು. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನ ದೇಶದಲ್ಲೆಲ್ಲ ಓಡಬಹುದು. ಕೆಎ ಫಲಕವಿರುವುದೇ ತಪ್ಪಾಗದು. ಆದರೆ 12 ತಿಂಗಳಿಗೂ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿಕೊಂಡರೆ ಅಲ್ಲಿಯ ನೋಂದಣಿಗೆ ಅರ್ಜಿ ಹಾಕತಕ್ಕದ್ದು. ಮಗಳಿಗೆ ಉಡುಗೊರೆಯಾಗಿ ಸ್ಕೂಟರು ಕೊಟ್ಟವರು ಇದನ್ನು ಮರೆಯಬಾರದು. ಎರಡನೆಯದು, ಭೀಮೆಯನ್ನು ದಾಟಿದರೆ ದಂಡ ಬೆನ್ನಟ್ಟಿ ಬರುವುದಿಲ್ಲವೆಂಬ ಹಳೆಯ ನಂಬಿಕೆ. ವಾಹನಗಳ ದಾಖಲೆ ಈಗ ದೇಶಕ್ಕೆಲ್ಲ ಒಂದೇ ಜಾಲದಲ್ಲಿ ಸಿಗುವುದರಿಂದ ಆ ನಂಬಿಕೆ ನಿಲ್ಲದು. ಕಟ್ಟದೆಯೂ ಎದುರಾಡದೆಯೂ ಸುಮ್ಮನೆ ಕುಳಿತುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಆಕ್ಷೇಪಣೆಗೆ ಗಡುವಿದೆ, ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅವರಿವರ ಮಾತು ನಂಬದೆ ತಮ್ಮ ಚೀಟಿಯಲ್ಲಿ ಬರೆದ ಗಡುವನ್ನೇ ನೋಡಿಕೊಳ್ಳಬೇಕು.

ಸೊಲ್ಲಾಪುರ, ಅಕ್ಕಲಕೋಟೆಗಳಿಗೆ ಹೋಗುವವರು ಸಿದ್ಧರಾಮನ ಕೆರೆಯನ್ನು ನೋಡಿಬರಲಿ, ಹುತಾತ್ಮರ ಚೌಕದಲ್ಲಿ ಒಂದು ಗಳಿಗೆ ನಿಂತುಬರಲಿ. ಗಾಡಿಯ ಮೇಲೆ ಹೋಗುವವರು ತಲೆಗೆ ಶಿರಸ್ತ್ರಾಣ ಧರಿಸಲಿ, ಕೆಂಪು ದೀಪಕ್ಕೆ ನಿಲ್ಲಲಿ. ಇಷ್ಟಾದ ಮೇಲೂ ಚೀಟಿ ಬಂದರೆ, ಅದರಲ್ಲಿ ಬರೆದದ್ದು ನಿಜವೇ ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ. ನಿಜವಾದರೆ ಅಂದೇ ಕಟ್ಟುವುದು ಗೌರವ. ನಿಜವಲ್ಲವಾದರೆ ಒಂದು ಹಾಳೆ, ಒಂದು ಲೇಖಣಿ, ತಮಗೆ ಬರುವ ಭಾಷೆ ಸಾಕು.